ಹೆಂಜೇರಿನ ಕರಿಗಲ್ಲು

ನಮ್ಮ ಮನೆಯ ಅಡುಗೆಕಟ್ಟೆಗೆ ಹೊಸ ಕಲ್ಲು ಹಾಸಬೇಕೆಂದು ಮನೆಯವರು ಎರಡು ವರ್ಷಗಳಿಂದ ಹೇಳುತ್ತಿದ್ದರು. ಕಡೆಗೊಂದು ದಿನ ತುಮಕೂರಿನಲ್ಲಿ ಟೈಲ್ಸ್ ಮತ್ತು ಗ್ರಾನೈಟ್ ಅಂಗಡಿ ಇಟ್ಟಿರುವ ನಮ್ಮ ಭಾವನವರಿಗೆ ಫೋನ್ ಮಾಡಿ, "ಒಳ್ಳೆಯ ಕಪ್ಪು ಗ್ರಾನೈಟ್ ಒಂದು ಚಪ್ಪಡಿ ಕಳಿಸಿಕೊಡಿ ಭಾವ" ಎಂದೆ. ಅವರು ನಕ್ಕರು. "ಕಳಿಸ್ತೀನಿ. ಆದರೆ ಒಂದು ಮಾತು ತಿಳಿದುಕೋ. ಕಪ್ಪು ಗ್ರಾನೈಟ್ ಅಂತ ನೀನು ಕೇಳ್ತೀಯ, ನಾನೂ ಬಿಲ್ಲಿನಲ್ಲಿ ಹಾಗೇ ಬರೀತೀನಿ. ಅದು ಗ್ರಾನೈಟೇ ಅಲ್ಲ" ಎಂದರು.

ಮೂವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವನಿಗೆ ಈ ಮಾತು ಸ್ವಲ್ಪ ಚುಚ್ಚಿತು. ಸರಕಿಗೆ ಒಂದು ಹೆಸರು, ಬಿಲ್ಲಿಗೆ ಇನ್ನೊಂದು ಹೆಸರು ಎಂದರೆ ನಮಗೆ ಸರಿಬರುವುದಿಲ್ಲ. ಹಾಗಾದರೆ ಏನದು ಎಂದು ಕೇಳಿದೆ. "ಬಾ, ತೋರಿಸ್ತೀನಿ. ನಿನಗೂ ರಾಯದುರ್ಗದಲ್ಲಿ ಕೆಲಸವಿದೆಯಲ್ಲ, ಅಲ್ಲಿಂದ ಮಡಕಶಿರಾ ಕಡೆ ಹೋಗಿ ಬರೋಣ" ಎಂದರು. ಹೀಗೆ ಒಂದು ಚಪ್ಪಡಿ ಕಲ್ಲಿನ ನೆಪದಲ್ಲಿ ಹೊರಟ ಮೂರು ದಿನದ ಪ್ರವಾಸವಿದು. ಕಲ್ಲು ನೋಡಲು ಹೋದವರು ನಮ್ಮ ಹಿರಿಯರ ಹೆಜ್ಜೆಗಳನ್ನು ನೋಡಿಕೊಂಡು ಬಂದೆವು. ಓದುಗ ಬಾಂಧವರಲ್ಲಿ ಎಷ್ಟೋ ಜನ ಈ ಸೀಮೆಗೆ ವ್ಯಾಪಾರಕ್ಕೆಂದು ಹೋಗಿಬರುವವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ರಾಯದುರ್ಗ ನಮಗೆ ಹೊಸ ಊರಲ್ಲ. ಸೀರೆಗೆ, ಈಚೆಗೆ ಜೀನ್ಸ್ ಬಟ್ಟೆಯ ಹೊಲಿಗೆಗೆ ಹೆಸರಾದ ಪೇಟೆ. ಮೊದಲು ಇದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಗೆ ಹೋಯಿತು. ಊರಿನ ಬೀದಿಗಳಲ್ಲಿ ಇಂದಿಗೂ ಕನ್ನಡ ನಡೆಯುತ್ತದೆ. ಮಡಕಶಿರಾ ಸೀಮೆಯಂತೂ ನಕಾಶೆಯಲ್ಲಿ ಕರ್ನಾಟಕದ ಹೊಟ್ಟೆಯೊಳಗೆ ಚಾಚಿಕೊಂಡ ಕೈಯಂತಿದೆ. 2022ರ ಏಪ್ರಿಲ್ 4ರಿಂದ ಮಡಕಶಿರಾ ಹೊಸದಾಗಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಮಾತ್ರ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆ ಬೇರೆಯಾದರೂ ಎರಡು ಊರಿನ ನೆಲದಡಿಯ ಕಲ್ಲು ಒಂದೇ ಕುಲದ್ದು.

ರಾಯದುರ್ಗದ ಬೆಟ್ಟ ಊರಿನ ತಲೆಯ ಮೇಲೇ ನಿಂತಿದೆ. ಬೂದು ಮತ್ತು ನಸುಗೆಂಪು ಬಣ್ಣದ ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿವೆ, ನಡುವೆ ಹಳೆಯ ಕೋಟೆಯ ಗೋಡೆಗಳು. ಭಾವನವರು ಬೆಟ್ಟ ತೋರಿಸಿ ಹೇಳಿದರು: "ನೋಡು, ಇದು ಗ್ರಾನೈಟ್. ಹತ್ತಿರ ಹೋಗಿ ನೋಡಿದರೆ ಅಕ್ಕಿ, ಬೇಳೆ, ಎಳ್ಳು ಬೆರೆಸಿದ ಹಾಗೆ ಕಾಳು ಕಾಳಾಗಿ ಕಾಣುತ್ತೆ. ಬಿಳಿಯದು ಬೆಣಚು, ಕೆಂಪಗಿರೋದು ಫೆಲ್ಡ್‌ಸ್ಪಾರ್, ಮಿನುಗೋದು ಅಭ್ರಕ. ಇದು ನೆಲದ ಆಳದಲ್ಲಿ ನಿಧಾನವಾಗಿ ಆರಿದ ಪಾಕ."

ನಮ್ಮ ದಕ್ಷಿಣದ ಪ್ರಸ್ಥಭೂಮಿಯ ತಳಹದಿ 300 ಕೋಟಿ ವರ್ಷಗಳಷ್ಟು ಹಳೆಯದಾದ ಪಟ್ಟೆಪಟ್ಟೆಯ ನೈಸ್ ಶಿಲೆ. ಅದನ್ನು ಸೀಳಿಕೊಂಡು ಸುಮಾರು 252 ಕೋಟಿ ವರ್ಷಗಳ ಹಿಂದೆ ಮೇಲೆದ್ದ ಗ್ರಾನೈಟ್ ಸಾಲೊಂದು ದಕ್ಷಿಣದಿಂದ ಉತ್ತರಕ್ಕೆ 400 ಕಿಲೋಮೀಟರಿನಷ್ಟು ಹಬ್ಬಿದೆ. ರಾಮನಗರಕ್ಕೆ ಇಂಗ್ಲಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಅದರಿಂದಲೇ ಆ ಸಾಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ವ್ಯಾಪಾರಸ್ಥರಾದ ನಮಗೆ ಕೋಟಿ ಎಂದರೆ ಕಿವಿ ನಿಮಿರುತ್ತದೆ. ಆದರೆ ಈ ಕೋಟಿಗಳನ್ನು ಯಾವ ಖಾತೆಗೆ ಬರೆಯಬೇಕೋ ತಿಳಿಯದು.

ರಾಯದುರ್ಗಕ್ಕೂ ನಮ್ಮ ಸಮಾಜಕ್ಕೂ ಇರುವ ನಂಟನ್ನು ಎಷ್ಟು ಜನ ಬಲ್ಲರು? 1355ರಲ್ಲಿ, ವಿಜಯನಗರದ ಮೊದಲ ಅರಸ ಹರಿಹರನ ಆಳ್ವಿಕೆಯಲ್ಲಿ, ಭೋಗರಾಜನೆಂಬ ವರ್ತಕನು ಇಲ್ಲಿ ಶಾಂತಿನಾಥ ಜಿನೇಶ್ವರನ ಬಿಂಬವನ್ನು ಪ್ರತಿಷ್ಠೆ ಮಾಡಿಸಿದನು. ಅವನ ಗುರುಗಳು ಮಾಘನಂದಿ ವ್ರತಿಗಳು. ಅವರು ಮೂಲಸಂಘ, ಬಲಾತ್ಕಾರಗಣ, ಸರಸ್ವತೀಗಚ್ಛದ ಅಮರಕೀರ್ತಿ ಆಚಾರ್ಯರ ಶಿಷ್ಯರು. ಇದನ್ನೆಲ್ಲ ಶಾಸನವೇ ಹೇಳುತ್ತದೆ. ಇದೇ ಊರಿನಲ್ಲಿ ಮೂಲಸಂಘ ಮತ್ತು ಯಾಪನೀಯ ಸಂಘ ಎರಡಕ್ಕೂ ಸೇರಿದವರ ನಿಷಿಧಿಯ ಬರಹ ಸಿಕ್ಕಿದೆ. ಒಂದೇ ಕಲ್ಲಿನ ಮೇಲೆ ಎರಡು ಸಂಘದವರು! ನಮ್ಮ ಕೆಲವು ಸಭೆಗಳಲ್ಲಿ ಒಂದೇ ವೇದಿಕೆಯ ಮೇಲೆ ಇಬ್ಬರು ಅಧ್ಯಕ್ಷರನ್ನು ಕೂರಿಸುವುದೂ ಕಷ್ಟವಾಗಿರುವಾಗ ಇದನ್ನು ಓದಿ ನನಗೆ ನಗು ಬಂತು.

ಸಂಜೆ ಸೂರ್ಯ ಇಳಿಯುವ ಮೊದಲೇ ಪರಿಚಿತರ ಮನೆಯಲ್ಲಿ ಊಟ ಮುಗಿಸಿ ಮಾತಾಡುತ್ತ ಕೂತೆವು. ಆ ಮನೆಯ ಹಿರಿಯರು ಚಿನ್ನಬೆಳ್ಳಿ ವ್ಯಾಪಾರಿಗಳು. "ನೀವು ಕಲ್ಲು ನೋಡಲು ಬಂದಿದ್ದರೆ ವಜ್ರಕರೂರಿಗೆ ಹೋಗಬೇಕಿತ್ತು, ಕಲ್ಲೆಂದರೆ ಅದು" ಎಂದು ತಮಾಷೆ ಮಾಡಿದರು. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಕಿಂಬರ್ಲೈಟ್ ಎಂಬ ಬಹು ಅಪರೂಪದ ಶಿಲೆಯಿದೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಭೂಮಿಯ ಅತ್ಯಾಳದಿಂದ ಕೊಳವೆಯಂತೆ ನುಗ್ಗಿ ಬಂದ ಈ ಶಿಲೆಯೇ ವಜ್ರವನ್ನು ಮೇಲಕ್ಕೆ ಹೊತ್ತು ತರುವ ವಾಹನ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಇಂದಿಗೂ ಜನ ಅಲ್ಲಿನ ಹೊಲಗಳಲ್ಲಿ ತಲೆ ಬಗ್ಗಿಸಿಕೊಂಡು ಹರಳು ಹುಡುಕುತ್ತಾರೆ. ಆ ವಜ್ರಕರೂರಿನ ಪಕ್ಕದಲ್ಲೇ ಕೊನಕೊಂಡ್ಲ ಎಂಬ ಊರಿದೆ. ನಮ್ಮ ಕುಂದಕುಂದಾಚಾರ್ಯರ ಹೆಸರಿಗೆ ಮೂಲವಾದ ಕೊಂಡಕುಂದೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿನ ರಸಸಿದ್ಧರ ಗುಡ್ಡದ ಮೇಲೆ ತೀರ್ಥಂಕರರ ಮೂರ್ತಿಗಳಿವೆ. ನಾವು ಈ ಬಾರಿ ಅತ್ತ ಹೋಗಲಿಲ್ಲ. ಆದರೆ ಕೊಂಡಕುಂದೆಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಮರುದಿನ ಬೆಳಿಗ್ಗೆ ಕಲ್ಯಾಣದುರ್ಗ, ಪಾವಗಡದ ದಾರಿ ಹಿಡಿದೆವು. ಎರಡೂ ಕಡೆ ಶೇಂಗಾ ಹೊಲ, ಹುಣಿಸೆ ಮರ, ದೂರದಲ್ಲಿ ಬೋಳು ಗುಡ್ಡ. ಒಂದು ಕಡೆ ಭಾವನವರು ಕಾರು ನಿಲ್ಲಿಸಿಸಿದರು. ಬಯಲಿನ ನಡುವೆ ಯಾರೋ ಹಗ್ಗ ಹಿಡಿದು ಗೆರೆ ಎಳೆದಂತೆ ಕಪ್ಪು ಬಂಡೆಗಳ ಉದ್ದನೆಯ ದಿಬ್ಬವೊಂದು ಹೊಲಗಳನ್ನು ದಾಟಿಕೊಂಡು ಹೋಗಿತ್ತು. ಬಂಡೆಗಳೆಲ್ಲ ಉರುಟುರುಟು, ಸುಟ್ಟ ಮಡಕೆಯ ಬಣ್ಣ. "ಇದೇ ನಿನ್ನ ಅಡುಗೆಕಟ್ಟೆ" ಎಂದರು ಅವರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೈಸ್ ಮತ್ತು ಗ್ರಾನೈಟ್ ಶಿಲೆಗಳು ಆರಿ ಗಟ್ಟಿಯಾದ ಮೇಲೆ ಭೂಮಿಯ ಒಡಲಲ್ಲಿ ಉದ್ದುದ್ದ ಬಿರುಕುಗಳು ಬಿಟ್ಟವು. ಆ ಬಿರುಕುಗಳೊಳಗೆ ಕೆಳಗಿನಿಂದ ಕಬ್ಬಿಣದ ಅಂಶ ಹೆಚ್ಚಾಗಿದ್ದ ಕರಗಿದ ಶಿಲಾರಸ ನುಗ್ಗಿ, ಅಲ್ಲಿಯೇ ಆರಿ, ನಿಂತ ಗೋಡೆಯಂತಾಯಿತು. ಇಂಥ ಗೋಡೆಗೆ ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಶಿಲೆಯ ಹೆಸರು ಡಾಲರೈಟ್. ಬೆಂಗಳೂರಿನ ಸುತ್ತಮುತ್ತಲಿಂದ ಅನಂತಪುರದವರೆಗಿನ ಸೀಮೆಯಲ್ಲಿ ಇಂಥ ಗೋಡೆಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಒಂದು ದೊಡ್ಡ ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷವೆಂದು ಈಚಿನ ಪರೀಕ್ಷೆಗಳಿಂದ ತಿಳಿದಿದೆ. ಇದೇ ರಸ ನೆಲದ ಮೇಲೆ ಹರಿದು ಬೇಗ ಆರಿದ್ದರೆ ಬಸಾಲ್ಟ್ ಆಗುತ್ತಿತ್ತು, ಅದರಲ್ಲಿ ಕಾಳೇ ಕಾಣಿಸುತ್ತಿರಲಿಲ್ಲ. ಇನ್ನೂ ಆಳದಲ್ಲಿ ಬಹಳ ನಿಧಾನವಾಗಿ ಆರಿದ್ದರೆ ದಪ್ಪ ದಪ್ಪ ಕಾಳು ಕಟ್ಟುತ್ತಿತ್ತು. ನಡುವಿನ ಹದದಲ್ಲಿ ಆರಿದ್ದರಿಂದ ಸಣ್ಣ ಕಾಳಿನ, ಒಂದೇ ಸಮನಾದ ಶಿಲೆಯಾಯಿತು. ಪಾಕದ ಹದ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ವ್ಯತ್ಯಾಸ ತೂಕದಲ್ಲೇ ತಿಳಿಯುತ್ತದೆ. ಒಂದು ಘನಮೀಟರ್ ಗ್ರಾನೈಟ್ 2.6ರಿಂದ 2.7 ಟನ್ ತೂಗಿದರೆ ಡಾಲರೈಟ್ 3 ಟನ್ ತೂಗುತ್ತದೆ. ಲಾರಿಯವರಿಗೆ ಇದು ಚೆನ್ನಾಗಿ ಗೊತ್ತು. ಗ್ರಾನೈಟಿನಲ್ಲಿ ಬೆಣಚು ಇದೆ, ಡಾಲರೈಟಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬೆಣಚಿನ ಕಾಳು ಉಳಿಯ ಪೆಟ್ಟಿಗೆ ಸಿಡಿಯುತ್ತದೆ, ಅದರಿಂದ ಗ್ರಾನೈಟಿನಲ್ಲಿ ನವುರಾದ ಕೆತ್ತನೆ ಕಷ್ಟ. ಕರಿಗಲ್ಲಿನಲ್ಲಿ ಉಗುರಿನ ಗೆರೆಯನ್ನೂ ಕೊರೆಯಬಹುದು. ಇನ್ನೊಂದು ಗುಣವೂ ಇದೆ. ಉಳಿ ಬಿದ್ದ ಜಾಗ ಬೂದುಬಣ್ಣವಾಗಿ ಕಾಣುತ್ತದೆ, ಉಜ್ಜಿದ ಜಾಗ ಕಾಡಿಗೆಯಂತೆ ಕಪ್ಪಾಗಿ ಹೊಳೆಯುತ್ತದೆ. ಹಾಗಾಗಿ ಹೊಳಪು ಮಾಡಿದ ಕಲ್ಲಿನ ಮೇಲೆ ಅಕ್ಷರ ಕೊರೆದರೆ ಬೇರೆ ಬಣ್ಣ ತುಂಬದೆಯೇ ಓದಬಹುದು. ಜಪಾನಿಗೆ, ಯೂರೋಪಿಗೆ ನಮ್ಮ ದಕ್ಷಿಣದ ಕರಿಗಲ್ಲು ಸಮಾಧಿಗಲ್ಲಾಗಿ ಹಡಗೇರಿ ಹೋಗುವುದು ಈ ಗುಣಕ್ಕಾಗಿಯೇ. ಮಡಕಶಿರಾ, ಕುಪ್ಪಂ, ಚಾಮರಾಜನಗರದ ಕಡೆಯ ಕರಿಗಲ್ಲಿನ ಗಣಿಗಳ ವ್ಯಾಪಾರ ನಿಂತಿರುವುದೂ ಇದರ ಮೇಲೆಯೇ.

"ಸಾಲು ಸಾಲಾಗಿ ಇಷ್ಟೊಂದು ಬಿದ್ದಿದೆಯಲ್ಲ, ಅಪರೂಪ ಹೇಗಾಯಿತು ಭಾವ?" ಎಂದು ಕೇಳಿದೆ. "ಕಪ್ಪು ಕಲ್ಲು ಬೇಕಾದಷ್ಟಿದೆ. ಬಿರುಕಿಲ್ಲದ, ಬಿಳಿ ಎಳೆ ಇಲ್ಲದ, ಒಂದೇ ಬಣ್ಣದ ದೊಡ್ಡ ಬ್ಲಾಕ್ ಸಿಗೋದು ಅಪರೂಪ. ಗೋಡೆ ಅಂದಮೇಲೆ ಅಗಲ ಎಷ್ಟಿರುತ್ತೆ? ತೆಗೆದದ್ದರಲ್ಲಿ ಮಾರಾಟಕ್ಕೆ ಬರೋದು ಸ್ವಲ್ಪ, ಉಳಿದದ್ದು ಕಸದ ಗುಡ್ಡೆ" ಎಂದರು. ಕಸದ ಗುಡ್ಡೆಗಳನ್ನು ಮುಂದೆ ದಾರಿಯಲ್ಲಿ ನೋಡಿದೆವು. ಕೆಲವು ಕಡೆ ಗುಡ್ಡೆಗಳೇ ಹಳೆಯ ದಿಬ್ಬಕ್ಕಿಂತ ಎತ್ತರವಾಗಿವೆ.

ಈ ಕಲ್ಲಿನ ಬೆಲೆಯನ್ನು ಮೊದಲು ಕಂಡುಕೊಂಡವರು ನಾವಲ್ಲ, ರಾಜರೂ ಅಲ್ಲ. ಬಳ್ಳಾರಿಯ ಹತ್ತಿರ ಸಂಗನಕಲ್ಲು ಎಂಬ ಊರಿದೆ. ಅಲ್ಲಿಯ ಗುಡ್ಡದ ಮೇಲೆ ಹಾದುಹೋಗುವ ಡಾಲರೈಟ್ ಗೋಡೆಯ ಬಳಿ ನಾಲ್ಕೈದು ಸಾವಿರ ವರ್ಷಗಳ ಹಿಂದಿನ ಜನ ಕಲ್ಲುಕೊಡಲಿಗಳನ್ನು ಮಾಡುತ್ತಿದ್ದರು. ಒಂದೆರಡಲ್ಲ, ಕಾರ್ಖಾನೆಯೇ ಸರಿ. ಬಂಡೆಗಳ ಮೇಲೆ ದನ, ಮನುಷ್ಯರ ಚಿತ್ರಗಳನ್ನು ಕುಟ್ಟಿದ್ದಾರೆ. 1892ರಲ್ಲೇ ಫಾಸೆಟ್ ಎಂಬವರು ಆ ಚಿತ್ರಗಳ ಬಗ್ಗೆ ಬರೆದಿದ್ದರು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಹಿಂದೊಮ್ಮೆ ಬಳ್ಳಾರಿಗೆ ವಸೂಲಿಗೆ ಹೋದಾಗ ನಾನೂ ತಟ್ಟಿ ಕೇಳಿದ್ದೇನೆ. ಕಂಚಿನ ತಟ್ಟೆಯ ಧ್ವನಿ. ಜಲ್ಲಿ ಗಣಿಗಾರಿಕೆಯಿಂದ ಆ ಗುಡ್ಡಕ್ಕೂ ಪೆಟ್ಟು ಬಿದ್ದಿದೆ.

ಮಡಕಶಿರಾ ಮುಟ್ಟಿ, ಅಮರಾಪುರದ ದಾರಿಯಾಗಿ ಹೇಮಾವತಿಗೆ ಹೋದೆವು. ಇಂದು ಇದೊಂದು ಸಾಮಾನ್ಯ ಹಳ್ಳಿ. ಆದರೆ ಹಳೆಯ ಹೆಸರು ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾವಿರದ ರಾಜಧಾನಿ. ಎಂಟರಿಂದ ಹನ್ನೊಂದನೆಯ ಶತಮಾನದವರೆಗೆ ಆಳಿದ ನೊಳಂಬ ಪಲ್ಲವರು ಕಟ್ಟಿಸಿದ ದೊಡ್ಡೇಶ್ವರ, ಸಿದ್ಧೇಶ್ವರ ಮುಂತಾದ ದೇವಾಲಯಗಳು ಇಲ್ಲಿವೆ. ಸಿದ್ಧೇಶ್ವರನಿಗೆ ಲಿಂಗರೂಪವಿಲ್ಲ, ಮನುಷ್ಯಾಕಾರದಲ್ಲಿ ಕುಳಿತ ಮೂರ್ತಿ. ಸೀಮೆಯ ಜನ ಹೆಂಜೇರಪ್ಪ ಎಂದು ನಡೆದುಕೊಳ್ಳುತ್ತಾರೆ. ದೊಡ್ಡೇಶ್ವರದ ಒಳಗೆ ಕಾಲಿಟ್ಟೊಡನೆ ಭಾವನವರು ಮಾತು ನಿಲ್ಲಿಸಿದರು. ಕಲ್ಲಿನ ವ್ಯಾಪಾರಿ ಕಲ್ಲು ನೋಡಿ ಮೌನವಾಗುವುದನ್ನು ನಾನು ಮೊದಲ ಸಲ ಕಂಡೆ.

ಕಂಬಗಳು ಕರಿಗಲ್ಲಿನವು. ಬಳೆಗಳಂಥ ಸುತ್ತುಗಳು, ಗೆರೆಗೆರೆಯಾದ ಹೂಬಳ್ಳಿ, ಚೌಕಗಳೊಳಗೆ ಬೆರಳುದ್ದದ ಆಕೃತಿಗಳು. ಕಿಟಕಿಗಳಿಗೆ ಕಲ್ಲಿನ ಜಾಲಂದ್ರ, ಅದರ ಸುರುಳಿ ಸುರುಳಿಗಳ ನಡುವೆ ಕುಣಿಯುವ, ವಾದ್ಯ ನುಡಿಸುವ ಚಿಕ್ಕ ಚಿಕ್ಕ ಮೂರ್ತಿಗಳು. ಎದುರಿಗೆ ಭಾರಿ ನಂದಿ. ಭಾವನವರು ಕಂಬವೊಂದರ ನುಣುಪಾದ ಭಾಗವನ್ನು ತೋರಿಸಿ ಮೆಲ್ಲಗೆ ಹೇಳಿದರು: "ನನ್ನ ಅಂಗಡಿಯ ಚಪ್ಪಡಿಗೆ ಮಷಿನ್ನಿನಲ್ಲಿ ಹತ್ತು ಹನ್ನೆರಡು ಸಲ ಪಾಲಿಶ್ ಹಿಡೀತಾರೆ. ಇದಕ್ಕೆ ಮಷಿನ್ ಎಲ್ಲಿತ್ತು?"

ಕಲ್ಲನ್ನು ಕುರಂದದ ಪುಡಿಯಿಂದ ಉಜ್ಜಿ ಹೊಳಪು ಕೊಡುವುದು ನಮ್ಮ ದೇಶದ ಹಳೆಯ ಕ್ರಮ. ಸಂಸ್ಕೃತದಲ್ಲಿ ಇದನ್ನು ಕುರುವಿಂದ ಎನ್ನುತ್ತಾರೆ. ವಜ್ರದ ನಂತರ ಗಟ್ಟಿತನದಲ್ಲಿ ನಿಲ್ಲುವ ಖನಿಜಗಳಲ್ಲಿ ಇದೇ ಮುಖ್ಯ, ಇದರ ಶುದ್ಧವಾದ ಕೆಂಪು ಹರಳೇ ಮಾಣಿಕ್ಯ, ನೀಲಿ ಹರಳೇ ನೀಲ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ಹುಟ್ಟಿದ್ದು ನಮ್ಮ ದಕ್ಷಿಣದ ಈ ಮಾತಿನಿಂದಲೇ. ಅನಂತಪುರ ಸೀಮೆಯಲ್ಲಿ ಈ ಕಲ್ಲು ದೊರೆಯುತ್ತದೆ. ಕೆತ್ತುವ ಕಲ್ಲು, ಉಜ್ಜುವ ಕಲ್ಲು ಎರಡೂ ಒಂದೇ ನಾಡಿನಲ್ಲಿ ಸಿಕ್ಕಿದ್ದು ಶಿಲ್ಪಿಗಳ ಪುಣ್ಯ.

ನೊಳಂಬರು ಶೈವರು. ಆದರೂ ಬಸದಿಗಳ ಬಗ್ಗೆ ಅವರಿಗೆ ಆದರವಿತ್ತು. ಮಹೇಂದ್ರ ನೊಳಂಬನ ಕಾಲದಲ್ಲಿ, 893ರಲ್ಲಿ, ಇಂದಿನ ಧರ್ಮಪುರಿಯಾದ ತಗಡೂರಿನಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಬಸದಿ ಕಟ್ಟಿಸಿದರು. ಇವರು ಶ್ರೀಮಂಗಲದ ಸೆಟ್ಟಿಯ ಮಕ್ಕಳು. ಅರಸನಿಂದ ಊರೊಂದನ್ನು ಪಡೆದು ಕನಕಸೇನ ಸಿದ್ಧಾಂತ ಭಟಾರರಿಗೆ ದಾನವಿತ್ತರು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೊಳಂಬರ ಬಲ ಮುರಿದವನು ಗಂಗರ ಮಾರಸಿಂಹ. ನೊಳಂಬಕುಲಾಂತಕ ಎಂದು ಬಿರುದು ಧರಿಸಿದ ಆ ಜೈನ ಅರಸನೇ ಕಡೆಗೆ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ಅವನ ಸ್ಮಾರಕದ ಬರಹವನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ನಮ್ಮಲ್ಲಿ ಅನೇಕರು ನೋಡಿರುತ್ತೀರಿ.

ಮುಂದೆ ಚೋಳರು ಬಂದರು. ಅವರು ಹೆಂಜೇರಿನ ಕಂಬಗಳನ್ನು ನೋಡಿ ಮೆಚ್ಚಿ, ಮೆಚ್ಚಿದ್ದನ್ನು ಹೊತ್ತುಕೊಂಡೇ ಹೋದರು. ಕಾವೇರಿ ದಡದ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕರಿಗಂಬಗಳು ಇಂದಿಗೂ ನಿಂತಿವೆ. ಲಾರಿ ಇಲ್ಲದ ಕಾಲದಲ್ಲಿ, ಬೆಟ್ಟಘಟ್ಟ ಇಳಿಸಿ, ಅಷ್ಟು ದೂರ! ಇಂಗ್ಲಿಷರ ಕಾಲದಿಂದ ಈಚೆಗೆ ಕೆಲವು ಶಿಲ್ಪಗಳು ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿದವು. ಅವುಗಳ ಬಗ್ಗೆ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಉಳಿದದ್ದನ್ನು ಪುರಾತತ್ವ ಇಲಾಖೆ ಕಾಪಾಡಿಕೊಂಡಿದೆ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ಅರಸರ ದೇಗುಲವಲ್ಲ, ಅಮರಾಪುರದ ಒಂದು ಶಾಸನದ ಸಂಗತಿ. 1278ರಲ್ಲಿ ನಿಡುಗಲ್ಲಿನಿಂದ ಇರುಂಗೋಳ ಚೋಳಮಹಾರಾಜ ಆಳುತ್ತಿದ್ದಾಗ ಸಂಗಯನ ಬೊಮ್ಮಿಸೆಟ್ಟಿಯ ಮಗ ಮಲ್ಲಿಸೆಟ್ಟಿ ಎಂಬಾತ ತಮ್ಮಡಹಳ್ಳಿಯಲ್ಲಿ 2000 ಅಡಿಕೆ ಮರಗಳನ್ನು ತೈಲಂಗೆರೆಯ ಬ್ರಹ್ಮ ಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಬಿಟ್ಟುಕೊಟ್ಟನು. ಮಲ್ಲಿಸೆಟ್ಟಿಯ ಗುರುಗಳು ಬಾಲೇಂದು ಮಲಧಾರಿಗಳು. ಅಡಿಕೆಯ ಆದಾಯ ಏತಕ್ಕೆ ಎಂಬುದನ್ನು ಕೇಳಿ: ಜಿನಾಲಯವನ್ನು ತಳಪಾಯದಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಿಸುವುದಕ್ಕೆ. ಮಹಾಮಂಟಪ, ಭದ್ರಮಂಟಪ, ಮಾನಸ್ತಂಭ, ಮಕರತೋರಣ ಎಂದು ಪಟ್ಟಿಯೇ ಇದೆ.

ಇದು ವ್ಯಾಪಾರಿಯ ದಾನ ಎಂದು ಓದಿದೊಡನೆ ತಿಳಿಯುತ್ತದೆ. ಒಂದೇ ಬಾರಿಗೆ ಚೀಲ ಸುರಿದು ಹೆಸರು ಬರೆಸಿಕೊಂಡದ್ದಲ್ಲ. ವರ್ಷವರ್ಷವೂ ಫಸಲು ಬರುವ ಮರ ಕೊಟ್ಟಿದ್ದಾನೆ. ಬಡ್ಡಿ ಬರುತ್ತಲೇ ಇರಬೇಕು, ಕಲ್ಲುಕೆಲಸ ನಡೆಯುತ್ತಲೇ ಇರಬೇಕು. ಅಮರಾಪುರದ ಸುತ್ತ ಇಂದಿಗೂ ಅಡಿಕೆ ತೋಟಗಳಿವೆ. ರಸ್ತೆಯಂಚಿನ ತೋಟವೊಂದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ ಮಾಡುವಾಗ ಭಾವನವರು ಗೊನೆಗಳನ್ನು ನೋಡುತ್ತ, "ಎರಡು ಸಾವಿರ ಮರ ಅಂದರೆ ಇವತ್ತಿನ ರೇಟಿನಲ್ಲಿ ಎಷ್ಟಾಗುತ್ತೆ" ಎಂದು ಬೆರಳು ಮಡಿಸಿ ಎಣಿಸತೊಡಗಿದರು. ವ್ಯಾಪಾರದ ಚಾಳಿ, ಏನು ಮಾಡುವುದು.

ಇದೇ ಮಡಕಶಿರಾ ಸೀಮೆಯಲ್ಲಿ ಪಾತಶಿವರಂ ಎಂಬ ಊರಿದೆ. ಹೆಂಜೇರಿನಿಂದ ಭೋಗದೇವ ಚೋಳ ಆಳುತ್ತಿದ್ದಾಗ, ಶಕ 1107ರಲ್ಲಿ, ಅಂದರೆ ಕ್ರಿ.ಶ. 1185-86ರಲ್ಲಿ, ವೀರನಂದಿ ಸಿದ್ಧಾಂತ ಚಕ್ರವರ್ತಿಗಳ ಶಿಷ್ಯರಾದ ಪದ್ಮಪ್ರಭ ಮಲಧಾರಿದೇವರು ದೇಹ ಬಿಟ್ಟರೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಯಾರು ಈ ಪದ್ಮಪ್ರಭರು? ಕುಂದಕುಂದಾಚಾರ್ಯರ ನಿಯಮಸಾರಕ್ಕೆ ತಾತ್ಪರ್ಯವೃತ್ತಿ ಎಂಬ ಸಂಸ್ಕೃತ ವ್ಯಾಖ್ಯಾನ ಬರೆದವರು! ಇಂದಿಗೂ ನಮ್ಮ ಸ್ವಾಧ್ಯಾಯಗಳಲ್ಲಿ ನಿಯಮಸಾರ ಓದುವಾಗ ಇವರ ಟೀಕೆಯ ಸಹಾಯವಿಲ್ಲದೆ ಮುಂದೆ ಹೋಗುವುದಿಲ್ಲ. ಕೊಂಡಕುಂದೆಯ ಹೆಸರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಮೂಲ ಗ್ರಂಥ ಬರೆದವರ ಊರು ಹಳೆಯ ಅನಂತಪುರ ಜಿಲ್ಲೆಯ ಬಡಗಣ ಭಾಗದಲ್ಲಿ, ಸಾವಿರಾರು ವರ್ಷದ ಅನಂತರ ಅದಕ್ಕೆ ಟೀಕೆ ಬರೆದವರು ಕಣ್ಣು ಮುಚ್ಚಿದ ಊರು ತೆಂಕಣ ತುದಿಯಲ್ಲಿ. ನಡುವೆ ಒಂದು ದಿನದ ಕಾರಿನ ದಾರಿಯೂ ಇಲ್ಲ. ಈ ಎರಡನ್ನೂ ನಮಗೆ ಜೋಡಿಸಿಕೊಟ್ಟಿರುವುದು ಕಲ್ಲಿನ ಮೇಲಿನ ಕೆಲವು ಸಾಲುಗಳು ಮಾತ್ರ. ಈ ಸೀಮೆಯ ಜೈನ ಶಾಸನಗಳನ್ನು ಹುಡುಕಿ ಓದಿ, 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪುಸ್ತಕವಾಗಿ ಕೊಟ್ಟ ಡಾ. ಪಿ. ಬಿ. ದೇಸಾಯಿಯವರನ್ನು ನಮ್ಮ ಸಮಾಜ ಮರೆಯಬಾರದು. ಅವರು ಓದದೇ ಹೋಗಿದ್ದರೆ ಆ ಸಾಲುಗಳಲ್ಲಿ ಎಷ್ಟು ಇಂದು ನಮಗೆ ಉಳಿದಿರುತ್ತಿದ್ದವೋ.

ಈ ಮಾತು ಸುಮ್ಮನೆ ಹೇಳುತ್ತಿಲ್ಲ. ಮೂರನೆಯ ದಿನ ನಡೆದದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಶೇಂಗಾ ಹೊಲವೊಂದರ ಬದುವಿನಲ್ಲಿ ಅಕ್ಷರದ ಕಲ್ಲೊಂದಿದೆ ಎಂದು ದಾರಿಯಲ್ಲಿ ಟೀ ಅಂಗಡಿಯವರು ಹೇಳಿದ್ದರು. ಹುಡುಕಿಕೊಂಡು ಹೋದೆವು. ಹೊಲದ ಯಜಮಾನ ವಯಸ್ಸಾದವರು, ಕನ್ನಡದವರೇ. ಬದುವಿನ ಅರ್ಧಕ್ಕೆ ಹೂತುಹೋಗಿದ್ದ ಕರಿಗಲ್ಲನ್ನು ತೋರಿಸಿದರು. ಮೇಲೆ ಪದ್ಮಾಸನದಲ್ಲಿ ಕುಳಿತ ಚಿಕ್ಕ ಆಕೃತಿ, ಅದರ ಕೆಳಗೆ ಇನ್ನೊಂದು ಅಂಕಣದಲ್ಲಿ ಕೈಮುಗಿದು ಕುಳಿತವರು, ಅದರ ಕೆಳಗೆ ಹಳಗನ್ನಡ ಅಕ್ಷರಗಳು ಮಣ್ಣಿನೊಳಗೆ ಇಳಿದುಹೋಗಿದ್ದವು. ನಿಷಿಧಿಯೆಂದು ನೋಡಿದೊಡನೆ ಮನಸ್ಸಿಗೆ ಬಂತು. ಸಲ್ಲೇಖನ ಸ್ವೀಕರಿಸಿದ ಯಾರೋ ಒಬ್ಬ ಶ್ರಾವಕರದ್ದೋ, ಆರ್ಯಿಕೆಯದ್ದೋ. ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

"ನಮ್ ತಾತನ ಕಾಲದಿಂದ ಇಲ್ಲೇ ಐತೆ ಸ್ವಾಮಿ. ಕುಡುಗೋಲು ಮಸೆಯಾಕೆ ಭಾಳ ಚಲೋ ಕಲ್ಲು" ಎಂದರು ಯಜಮಾನರು. ಕಲ್ಲಿನ ಅಂಚಿನಲ್ಲಿ ಮಸೆದ ಗುಂಡಿಗಳು ಕಾಣುತ್ತಿದ್ದವು. ಅವರದೇನೂ ತಪ್ಪಿಲ್ಲ. ಓದಲು ಬಾರದ ಕಲ್ಲನ್ನು ಇಷ್ಟು ತಲೆಮಾರು ಹೊಲದಲ್ಲಿ ಉಳಿಸಿಕೊಂಡಿದ್ದಾರಲ್ಲ, ಅದೇ ದೊಡ್ಡದು. ಹೊಲದ ಆಚೆ ಕಪ್ಪು ದಿಬ್ಬ, ಅದರ ತುದಿಯಲ್ಲಿ ಗಣಿಯ ಯಂತ್ರ ಕೊರೆಯುವ ಸದ್ದು. ದಿಬ್ಬ ತಮ್ಮ ಹೊಲದೊಳಗೂ ಬಂದಿದೆ, ಗುತ್ತಿಗೆಗೆ ಕೊಡುತ್ತೀಯಾ ಎಂದು ಕೇಳಿಕೊಂಡು ಎರಡು ಸಲ ಜನ ಬಂದಿದ್ದರು ಎಂದು ಅವರು ಹೇಳಿದರು. ಮಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ, ಮಳೆ ಹೋದ ವರ್ಷ ಕೈಕೊಟ್ಟಿತು, ಮೊಮ್ಮಗಳ ಮದುವೆ ಇದೆ. ಕೊಡಬೇಡಿ ಎಂದು ಹೇಳಲು ನಾವು ಯಾರು?

ಭಾವನವರು ಬಹಳ ಹೊತ್ತು ಸುಮ್ಮನಿದ್ದರು. ಅವರ ಅಂಗಡಿಯ ಅರ್ಧ ಸರಕು ಇಂಥ ದಿಬ್ಬಗಳಿಂದಲೇ ಬರುತ್ತದೆ. ಆಮೇಲೆ ಯಜಮಾನರ ಪಕ್ಕದಲ್ಲಿ ಬದುವಿನ ಮೇಲೆ ಕುಳಿತು ಹೇಳಿದರು: "ಯಜಮಾನರೇ, ಗುತ್ತಿಗೆ ವಿಚಾರ ನಿಮ್ಮದು. ಕೊಡೋದಾದರೆ ಹೊಲದಲ್ಲಿ ಇಂಥ ಬರಹದ ಕಲ್ಲು ಎಷ್ಟಿದೆ ಅಂತ ಮೊದಲು ನೋಡಿಕೊಳ್ಳಿ. ತಹಸೀಲ್ದಾರರಿಗೂ ಪುರಾತತ್ವದವರಿಗೂ ಒಂದು ಅರ್ಜಿ ಕೊಡಿ. ಒಮ್ಮೆ ಡ್ರಿಲ್ ಬಿದ್ದರೆ ಬರಹದ ಕಲ್ಲಿಗೂ ಬರೀ ಕಲ್ಲಿಗೂ ವ್ಯತ್ಯಾಸ ಇರೋದಿಲ್ಲ. ಇದು ನಮ್ಮ ಕಡೆಯ ಒಬ್ಬರು ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟದ್ದರ ಗುರುತು." ಯಜಮಾನರು ಕಲ್ಲಿನ ಕಡೆ ನೋಡಿದರು. "ಅನ್ನ ನೀರು ಬಿಟ್ಟು? ಯಾಕೆ?" ಎಂದರು. ಸಲ್ಲೇಖನವೆಂದರೇನು ಎಂದು ನನಗೆ ತಿಳಿದಷ್ಟು ವಿವರಿಸಿದೆ. ಮುಪ್ಪಿನಲ್ಲಿ, ತೀರದ ರೋಗದಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ, ಗುರುಗಳ ಅಪ್ಪಣೆ ಪಡೆದು, ಮೆಲ್ಲ ಮೆಲ್ಲಗೆ ಆಹಾರ ಕಡಿಮೆ ಮಾಡಿಕೊಂಡು ಹೋಗುವ ವ್ರತವೆಂದು. ಅವರು ತಲೆದೂಗಿ ತಮ್ಮ ಹೆಂಡತಿಯನ್ನು ಕೂಗಿ ಇಲ್ಲಿ ಬಾ ಎಂದರು. ಆಕೆಗೂ ಇದನ್ನೇ ಇನ್ನೊಮ್ಮೆ ಹೇಳಬೇಕಾಯಿತು. ಆ ತಾಯಿ ಏನೂ ಮಾತಾಡದೆ ಹೋಗಿ ಚೊಂಬಿನಲ್ಲಿ ನೀರು ತಂದು ಕಲ್ಲಿನ ಮೇಲಿನ ಮಣ್ಣು ತೊಳೆದರು.

ನಾವು ಫೋಟೋ ತೆಗೆದುಕೊಂಡೆವು. ಅಕ್ಷರಗಳ ಮೇಲೆ ಸುಣ್ಣ, ಎಣ್ಣೆ ಹಚ್ಚದೆ, ಬಿಸಿಲು ಓರೆಯಾಗಿ ಬೀಳುವ ಸಂಜೆಯ ಹೊತ್ತಿನಲ್ಲಿ ತೆಗೆದರೆ ಬರಹ ಚೆನ್ನಾಗಿ ಕಾಣುತ್ತದೆ. ಕಲ್ಲಿನ ಗುಣ ಎಂಥದ್ದು ನೋಡಿ, ಅಷ್ಟು ವರ್ಷ ಮಳೆ ಬಿಸಿಲು ಕಂಡರೂ ಗೆರೆ ಮೊಂಡಾಗಿಲ್ಲ. ಮಣ್ಣಿನೊಳಗೆ ಹೂತಿದ್ದ ಸಾಲುಗಳು ಇನ್ನೂ ಹರಿತವಾಗಿರಬೇಕು. ಅಗೆದು ನೋಡೋಣವೆಂದು ನನ್ನ ಮನಸ್ಸು ತುಡಿಯಿತು. ಭಾವನವರು ಬೇಡವೆಂದರು. ಬಲ್ಲವರು ಬಂದು ತೆಗೆಯಲಿ, ನಮ್ಮ ಹಾರೆಯ ಪೆಟ್ಟು ಅಕ್ಷರಕ್ಕೆ ಬಿದ್ದರೆ ಆ ಪಾಪ ಯಾರಿಗೆ ಎಂದರು.

ಹೋಗಬಯಸುವವರಿಗೆ ಒಂದೆರಡು ಮಾತು. ಹೇಮಾವತಿಗೆ ಶಿರಾ ಕಡೆಯಿಂದ ಅಮರಾಪುರದ ಮೇಲೆಯೂ, ಹಿಂದೂಪುರದ ಕಡೆಯಿಂದ ಮಡಕಶಿರಾದ ಮೇಲೆಯೂ ದಾರಿಯಿದೆ. ಹಳ್ಳಿಗಳಲ್ಲಿ ನಮ್ಮ ನಿಯಮದ ಊಟ ಸಿಗುವುದು ಕಷ್ಟ, ಬುತ್ತಿ ಮತ್ತು ಕಾಯಿಸಿ ಆರಿಸಿದ ನೀರು ಒಯ್ಯುವುದು ಒಳ್ಳೆಯದು. ಬೇಸಿಗೆ ಬೇಡ, ಕರಿಗಲ್ಲು ಕಾದರೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಮಕ್ಕಳನ್ನು ಕರೆದೊಯ್ಯಿರಿ. ಹಳಗನ್ನಡ ಲಿಪಿ ಓದಬಲ್ಲ ಒಬ್ಬರು ಜೊತೆಗಿದ್ದರೆ ಪ್ರವಾಸದ ಬೆಲೆ ಹತ್ತು ಪಾಲು ಹೆಚ್ಚುತ್ತದೆ.

ನಮ್ಮ ಅಡುಗೆಕಟ್ಟೆಗೆ ಕಡೆಗೂ ಕರಿಗಲ್ಲೇ ಬಂತು. ಬಿಲ್ಲಿನಲ್ಲಿ ಭಾವನವರು ಈ ಸಲ ಡಾಲರೈಟ್ ಎಂದು ಬರೆದಿದ್ದರು, ಅವರ ಗುಮಾಸ್ತ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬ್ಲ್ಯಾಕ್ ಗ್ರಾನೈಟ್ ಎಂದು ತಿದ್ದಿದ್ದ. ಹೊಲದ ಯಜಮಾನರು ಹೋದ ತಿಂಗಳು ಮಗನ ಫೋನಿನಿಂದ ಮಾತಾಡಿದರು. ಗುತ್ತಿಗೆಯ ವಿಚಾರ ಇನ್ನೂ ತೀರ್ಮಾನವಾಗಿಲ್ಲವಂತೆ. ಕುಡುಗೋಲು ಮಸೆಯಲು ಬೇರೆ ಕಲ್ಲು ಇಟ್ಟುಕೊಂಡಿದ್ದಾರಂತೆ. "ಮಳೆ ಬಂದು ಬದು ಮೆತ್ತಗಾಗಲಿ ಸ್ವಾಮಿ, ಆವಾಗ ಓದೋರನ್ನ ಕರ್ಕೊಂಡು ಬರ್ರಿ" ಎಂದರು.